ಅಕ್ಕಲಕೋಟೆಯಲ್ಲಿ ತೆರೆಯದ ಫ್ಲಾಪಿಗಳು

ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು ಎಂದು ಜನ ನಂಬಿದ್ದ ಕಾಲ ಅದು. ಸೊಲ್ಲಾಪುರದ ನಮ್ಮ ಓಣಿಯಲ್ಲಿ ಅಂಥ ಕೋಣೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಪ್ಪ ಗುಮಾಸ್ತನಾಗಿದ್ದ ಕಚೇರಿಗೆ ಹೊಸ ಯಂತ್ರಗಳು ಬಂದಾಗ, ಮೂಲೆಗೆ ಸರಿಸಿದ್ದ ಹಳೆಯದೊಂದನ್ನು ಸಾಹೇಬರ ಕೈಕಾಲು ಹಿಡಿದು ತಂದಿದ್ದ. ಬರೆದದ್ದನ್ನು ತನ್ನೊಳಗೇ ಇಟ್ಟುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಮುಂದೆ ಎರಡು ಅಡ್ಡ ಬಾಯಿಗಳಿದ್ದವು, ಮೇಲಿನದು ಎ, ಕೆಳಗಿನದು ಬಿ. ಮೇಲಿನ ಬಾಯಿಗೆ ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಮಿನ ಫ್ಲಾಪಿ ಹಾಕಬೇಕು, ಕೆಳಗಿನದಕ್ಕೆ ನಾವು ಬರೆದದ್ದನ್ನು ಉಳಿಸುವ ಫ್ಲಾಪಿ. ಕಪ್ಪಗಿನ, ಚೌಕಾಕಾರದ, ಒಣಗಿದ ಹಪ್ಪಳದಷ್ಟೇ ತೆಳ್ಳಗಿನ ಆ ಫ್ಲಾಪಿಗಳನ್ನು ಅವ್ವ ಕುಂಕುಮದ ಡಬ್ಬಿ ಇಡುವ ಕಪಾಟಿನಲ್ಲಿ, ಬಿಸಿಲು ತಾಗದ ಹಾಗೆ ಇಡುತ್ತಿದ್ದಳು.

ನಾನು ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದ ಬೇಸಿಗೆ ಅದು. ಆ ಕೋಣೆಯ ತುಂಬ ಅಜ್ಜನ ಪುಸ್ತಕದ ಕೆಲಸವೇ ನಡೆದಿತ್ತು. ಅಪ್ಪನ ಅಪ್ಪ ನಾಗಣಸೂರಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಮಕ್ಕಳ ಬಾಯಿಂದ, ಹೊಲದಲ್ಲಿ ಕಸ ತೆಗೆಯುವ ಹೆಂಗಸರ ಬಾಯಿಂದ ಕೇಳಿದ ಮಾತುಗಳನ್ನೆಲ್ಲ ಹನ್ನೊಂದು ವಹಿಗಳಲ್ಲಿ ಬರೆದಿಟ್ಟಿದ್ದ. ಬಂಡಿಯ ಒಂದೊಂದು ಭಾಗದ ಹೆಸರು, ಜೋಳದ ತೆನೆ ಹಾಲುಗಾಳಾಗುವುದರಿಂದ ಹಿಡಿದು ರಾಶಿಯಾಗುವವರೆಗಿನ ಮಾತುಗಳು, ದನಗಳ ಬಣ್ಣಕ್ಕೆ, ಎರೆಮಣ್ಣಿನ ಬಿರುಕಿಗೆ ಇದ್ದ ಹೆಸರುಗಳು. ಪ್ರತಿಯೊಂದರ ಪಕ್ಕದಲ್ಲಿ ಮರಾಠಿ ಅರ್ಥ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನ ಪುಸ್ತಕವನ್ನು ನಾಗಣಸೂರಿಗೆ ಒಯ್ದು ಮಕ್ಕಳ ಕೈಗೆ ಕೊಡುತ್ತೇನೆಂದು ಅಜ್ಜ ಹಳೆಯ ಮಾಸ್ತರರಿಗೆಲ್ಲ ಹೇಳಿಬಿಟ್ಟಿದ್ದ.

ಟೈಪು ಮಾಡುವವಳು ಅವ್ವ, ಓದಿ ಹೇಳುವವಳು ನಾನು. ನನ್ನದು ಮರಾಠಿ ಶಾಲೆ. ಕನ್ನಡ ಓದಲು ಕಲಿತದ್ದೇ ಅಜ್ಜನ ಅಕ್ಷರಗಳ ಮೇಲೆ. ಮಧ್ಯಾಹ್ನ ಕಿಟಕಿಗೆ ಒದ್ದೆ ಸೀರೆ ಕಟ್ಟಿ ಕೂರುತ್ತಿದ್ದೆವು. ಆಚೆ ಓಣಿಯಲ್ಲಿ ಮಗ್ಗಗಳ ಖಟಖಟ, ಅಡುಗೆಮನೆಯಿಂದ ಚಟ್ನಿಗೆಂದು ಹುರಿದ ಶೇಂಗಾದ ವಾಸನೆ, ಕಾದ ಕಂಪ್ಯೂಟರಿನಿಂದ ಸುಟ್ಟ ಧೂಳಿನ ವಾಸನೆ. ನಾನು ತಪ್ಪು ಓದಿದರೆ ಹೊರಗಿನ ಹಾಸಿಗೆಯಿಂದಲೇ ಅಜ್ಜ ತಿದ್ದುತ್ತಿದ್ದ. ನಾಲ್ಕು ತಿಂಗಳಲ್ಲಿ ಹನ್ನೊಂದು ವಹಿಗಳು ಆರು ಫ್ಲಾಪಿಗಳಾದವು.

ಅಚ್ಚು ಹಾಕಬೇಕಾದದ್ದು ಅಕ್ಕಲಕೋಟೆಯಲ್ಲಿ, ಅಪ್ಪನ ಅಕ್ಕ ಕಮಲತ್ತಿಯ ಮನೆಯಲ್ಲಿ. ಅವಳ ಗಂಡ ಮಾಮಾನ ಛಾಪಖಾನೆ ಅವರ ಮನೆಯ ಮುಂಭಾಗದಲ್ಲೇ ಇತ್ತು. ಅಲ್ಲಿಗೂ ಕಂಪ್ಯೂಟರ್ ಬಂದಿತ್ತು, ನಮ್ಮದಕ್ಕಿಂತ ಹೊಸದು. ಮಾಮಾ ಅಚ್ಚಿನ ಕೆಲಸ ನೋಡಿದರೆ, ಕಂಪ್ಯೂಟರ್ ನೋಡುತ್ತಿದ್ದವಳು ಕಮಲತ್ತಿ.

ಕಮಲತ್ತಿಗೂ ಅವ್ವನಿಗೂ ಆಗುತ್ತಿರಲಿಲ್ಲ. ಅದರ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಜ್ಜಿ ತೀರಿಕೊಂಡದ್ದು ನಮ್ಮ ಮನೆಯಲ್ಲಿ. ಅವತ್ತು ಬೆಳಗಿನಿಂದ ಅವ್ವ ಪಕ್ಕದ ಮನೆಯ ಫೋನಿನಿಂದ ಅಕ್ಕಲಕೋಟೆಗೆ ಹಚ್ಚುತ್ತಲೇ ಇದ್ದಳಂತೆ, ಲೈನು ಸಿಗಲಿಲ್ಲ. ಕಡೆಗೆ ಒಬ್ಬರನ್ನು ಬಸ್ಸಿಗೆ ಕಳಿಸಿದರು. ಕಮಲತ್ತಿ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಹೆತ್ತ ತಾಯಿಯ ಮುಖ ಕಡೆಯ ಸಲ ನೋಡಲು ಅವ್ವ ಬಿಡಲಿಲ್ಲ ಎಂಬುದು ಅವಳ ಮಾತು. ಫೋನ್ ಕೆಟ್ಟಿತ್ತು ಎಂಬುದನ್ನು ಅವಳು ಒಂದು ದಿನವೂ ನಂಬಲಿಲ್ಲ. ಅಜ್ಜ ಆಮೇಲೂ ಮಗನ ಮನೆಯಲ್ಲೇ ಉಳಿದದ್ದು ಅವಳಿಗೆ ಇನ್ನೊಂದು ಗಾಯ.

ಪುಸ್ತಕದ ಕೆಲಸದಲ್ಲಿ ಮೊದಲ ಕಿಡಿ ಹಾರಿದ್ದು ಅವಳು ಕಳಿಸಿದ ಒಂದು ಫ್ಲಾಪಿಯಿಂದ. ಪುಟ ಎಷ್ಟು ಅಗಲ, ಎಷ್ಟು ಉದ್ದ ಇರಬೇಕೆಂದು ಒಂದು ಮಾದರಿ ಪುಟ ಅದರಲ್ಲಿತ್ತಂತೆ. ಅವ್ವ ಬಿ ಬಾಯಿಗೆ ಹಾಕಿದರೆ ಯಂತ್ರ ಗರಗರ ಎಂದು ಸುಮ್ಮನಾಯಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು: ಅಬಾರ್ಟ್, ರಿಟ್ರೈ, ಫೇಲ್. ಅಂದರೆ, ಬಿಟ್ಟುಬಿಡಲೇ, ಮತ್ತೆ ನೋಡಲೇ, ಆಗಲಿಲ್ಲ ಎನ್ನಲೇ. ಮತ್ತೆ ಮತ್ತೆ ನೋಡಿದರೂ ಅದೇ. ಅವ್ವ ಫ್ಲಾಪಿಯ ಜೊತೆ ಒಂದು ಚೀಟಿ ಇಟ್ಟು ವಾಪಸ್ ಕಳಿಸಿದಳು: "ಇದರಲ್ಲಿ ಏನೂ ಇಲ್ಲ." ಮೂರೇ ಶಬ್ದದ ಆ ಚೀಟಿ ಅಕ್ಕಲಕೋಟೆಯಲ್ಲಿ ಹೇಗೆ ಕೇಳಿಸಿತೋ ನನಗೆ ಆಗ ಗೊತ್ತಿರಲಿಲ್ಲ.

ಮೇ ತಿಂಗಳ ಮೊದಲ ವಾರ ಅಪ್ಪ ನಮ್ಮ ಆರು ಫ್ಲಾಪಿಗಳನ್ನು ಅಕ್ಕಲಕೋಟೆಗೆ ಮುಟ್ಟಿಸಿ ಬಂದ. ಎರಡು ದಿನ ಬಿಟ್ಟು ಸುದ್ದಿ ಬಂತು, ಒಂದೂ ತೆರೆಯುತ್ತಿಲ್ಲ, ಎಲ್ಲ ಖಾಲಿ. ಫ್ಲಾಪಿಗಳು ವಾಪಸ್ ಬಂದವು. ಅವ್ವ ಹತ್ತಿಗೆ ಸ್ಪಿರಿಟ್ ಹಚ್ಚಿ ಬಿ ಬಾಯಿಯ ಒಳಗೆಲ್ಲ ಒರೆಸಿದಳು. ಹೊಸ ಫ್ಲಾಪಿಗಳ ಡಬ್ಬಿ ಒಡೆದು ಎಲ್ಲವನ್ನೂ ಮತ್ತೊಮ್ಮೆ ಅದರಲ್ಲಿ ಉಳಿಸಿದಳು, ಒಂದೊಂದನ್ನೂ ಪರದೆಯ ಮೇಲೆ ತೆರೆದು ಕಣ್ಣಾರೆ ನೋಡಿ, ಕಾಗದದಲ್ಲಿ ಸುತ್ತಿ ಕಳಿಸಿದಳು.

ಈ ಸಲ ಫ್ಲಾಪಿಗಳನ್ನು ತೆಗೆದುಕೊಂಡು ಕಮಲತ್ತಿಯೇ ಬಂದಳು. ಜೊತೆಗೆ ಮಗಳು ಸುರೇಖಾ. ನನಗಿಂತ ಎರಡು ತಿಂಗಳಿಗೆ ಚಿಕ್ಕವಳು. ಶಾಲೆಯ ಪ್ರತಿ ಸೂಟಿಯಲ್ಲೂ ಒಂದು ತಿಂಗಳು ಅವಳು ನಮ್ಮಲ್ಲಿ, ಇಲ್ಲ ನಾನು ಅವರಲ್ಲಿ. ಒಂದೇ ಹಾಸಿಗೆ, ಒಂದೇ ತಾಟು. ಅವತ್ತು ಇಬ್ಬರೂ ಪಡಸಾಲೆಯಲ್ಲಿ ಗಜಗದ ಕಾಯಿ ಆಡುತ್ತ ಕೂತೆವು, ಆದರೆ ಕಿವಿ ಒಳಗೇ ಇತ್ತು.

ಕಮಲತ್ತಿ ಕೂರಲಿಲ್ಲ. ಫ್ಲಾಪಿಗಳನ್ನು ಅಜ್ಜನ ಹಾಸಿಗೆಯ ಮೇಲೆ ಇಟ್ಟಳು.

"ಅಪ್ಪಾ, ನಾಕ್ ತಿಂಗಳು ನಿನ್ನ ಕುಂಡ್ರಿಸಿ ಆಟಾ ಆಡ್ಯಾಳ ನಿನ್ನ ಸೊಸಿ. ಎರಡ್ ಸಲ ಕಳ್ಸ್ಯಾಳ, ಎರಡೂ ಸಲ ರಿಕಾಮಿ, ಒಳಗ ಏನೂ ಇಲ್ಲ."

"ರಿಕಾಮಿ ಇಲ್ರಿ ಅಕ್ಕಾವ್ರ," ಎಂದಳು ಅವ್ವ. "ಬರ್ರಿ, ತೋರಿಸ್ತೀನಿ."

ಎಲ್ಲರೂ ಕೋಣೆಗೆ ಹೋದರು. ಅಜ್ಜನೂ ಗೋಡೆ ಹಿಡಿದು ಹೋದ. ಅವ್ವ ಆ ಹಾಸಿಗೆಯ ಮೇಲಿನ ಫ್ಲಾಪಿಯನ್ನೇ ಬಿ ಬಾಯಿಗೆ ಹಾಕಿದಳು. ಹಸಿರು ಅಕ್ಷರಗಳು ಸಾಲುಸಾಲಾಗಿ ಬಂದವು. ಅಜ್ಜ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದ. "ಐತಲ್ಲವಾ ಕಮಲಾ. ನನ್ನ ಮಾತೇ ಇವು."

ಕಮಲತ್ತಿಯ ಮುಖ ಬಿಳಿಚಿಕೊಂಡಿತು. ಅವಳು ಸೋತಳು ಎಂದುಕೊಂಡೆ. ಆದರೆ ಅವಳ ಸಿಟ್ಟು ಅಲ್ಲಿಂದಲೇ ಶುರುವಾಯಿತು.

"ಅಂದ್ರ ಮುದ್ದಾಂ, ಬೇಕಂತನ ಮಾಡೀದಿ. ನಿನ್ನ ಮನ್ಯಾಗ ತೆರಿಬೇಕು, ನನ್ನ ಮನ್ಯಾಗ ತೆರಿಬಾರ್ದು, ಹಂಗ ಏನೋ ಕೀಲಿ ಹಾಕೀದಿ. ನಾ ಕಳಿಸಿದ್ದಕ್ಕ ಏನೂ ಇಲ್ಲ ಅಂತ ಚೀಟಿ ಬರದಿ. ಈಗ ಇದು."

"ಕೀಲಿ ಹಾಕೋದು ನನಗ ಬರಂಗಿಲ್ರಿ. ತೆರಿಲಾರದಂಗ ನಾಟಕ ಮಾಡಾಕ ನಿಮಗ ಬರ್ತದ."

ಅವ್ವ ಹೀಗೆ ತಿರುಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ನಡುವೆ ಬಂದು, "ಅಕ್ಕಾ, ಸಾಕು. ಪುಸ್ತಕ ಛಾಪಾಸೋದು ಬ್ಯಾಡಿದ್ರ ಬ್ಯಾಡ ಅನ್ನು, ನನ್ನ ಹೇಣ್ತಿ ಹೆಸರು ಕೆಡಸಬ್ಯಾಡ," ಎಂದ. ಕಮಲತ್ತಿ ತಮ್ಮನನ್ನು ನೋಡಿದಳು. ನೀರನ್ನೂ ಮುಟ್ಟದೆ ಚಪ್ಪಲಿ ಮೆಟ್ಟಿದಳು.

ಹೊರಗೆ ಸುರೇಖಾ ಮೆಲ್ಲಗೆ ಹೇಳಿದಳು, "ಖರೇನ ತೆರಿಲಿಲ್ಲಲೇ ಶೈಲಿ. ನಾ ನೋಡೀನಿ."

"ನಿಮ್ಮವ್ವ ಸುಳ್ಳಿ, ಲಬಾಡಿ. ನೀನೂ ಲಬಾಡಿ," ಎಂದೆ. ಅವಳು ಕೈಯಲ್ಲಿದ್ದ ಗಜಗಗಳನ್ನು ನನ್ನ ಎದೆಗೆ ಎಸೆದು ತನ್ನ ಅವ್ವನ ಹಿಂದೆ ಓಡಿದಳು.

ನಾಲ್ಕು ದಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕಮಲತ್ತಿ ಹಾಗೆ ಮಾಡಿದ್ದಳು, ಹೀಗೆ ಅಂದಿದ್ದಳು ಎಂದು ನಾನು ಹುಟ್ಟುವ ಮುಂಚಿನ ಸಂಗತಿಗಳೆಲ್ಲ ಹೊರಗೆ ಬಂದವು. ಕೇಳಿ ಕೇಳಿ ನನ್ನೊಳಗೂ ಸಿಟ್ಟು ಬೆಳೆಯಿತು. ಅದರಲ್ಲಿ ಒಂದು ಸುಖವೂ ಇತ್ತು. ಮನೆಯವರೆಲ್ಲ ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ.

ಅಮಾವಾಸ್ಯೆಯ ಮರುದಿನ ಮಧ್ಯಾಹ್ನ ಅವ್ವ ಪಕ್ಕದ ಮನೆಗೆ ಸಂಡಿಗೆ ಹಾಕಿಸಲು ಹೋಗಿದ್ದಳು. ಅಜ್ಜ ಮಲಗಿದ್ದ. ಕಮಲತ್ತಿಯ ಸುಳ್ಳನ್ನು ಹಿಡಿಯಬೇಕೆಂದು ನಾನು ಕಂಪ್ಯೂಟರ್ ಹಚ್ಚಿದೆ. ನಮ್ಮ ಫ್ಲಾಪಿ ಬೇರೆ ಕಡೆಯೂ ತೆರೆಯುತ್ತದೆ ಎಂದು ತೋರಿಸಿದರೆ ಮುಗಿಯಿತಲ್ಲ. ಬೇರೆ ಯಂತ್ರ ಎಲ್ಲಿದೆ? ಆಗ ಹೊಳೆಯಿತು, ಬೇರೆ ಬಾಯಿಯಂತೂ ಇಲ್ಲೇ ಇದೆ. ಪ್ರೋಗ್ರಾಮ್ ಶುರುವಾದ ಮೇಲೆ ಅದರ ಫ್ಲಾಪಿ ತೆಗೆದು, ಅಜ್ಜನ ವಹಿಯ ಫ್ಲಾಪಿಯನ್ನು ಮೇಲಿನ ಎ ಬಾಯಿಗೆ ಹಾಕಿದೆ.

ಗರಗರ. ಅಬಾರ್ಟ್, ರಿಟ್ರೈ, ಫೇಲ್.

ರಿಟ್ರೈಗೆಂದು ಆರ್ ಅಕ್ಷರ ಒತ್ತಿದೆ. ಮತ್ತೆ ಅದೇ. ಆರೂ ಫ್ಲಾಪಿಗಳನ್ನು ಹಾಕಿ ನೋಡಿದೆ, ಆರಕ್ಕೂ ಅದೇ. ಆಮೇಲೆ ಪ್ರೋಗ್ರಾಮಿನ ಫ್ಲಾಪಿಯನ್ನು ಕೆಳಗಿನ ಬಿ ಬಾಯಿಗೆ ಹಾಕಿದೆ. ದಿನಾ ಮೇಲೆ ಸರಾಗ ಓಡುವ ಆ ಫ್ಲಾಪಿ ಕೆಳಗೆ ಓಡಲಿಲ್ಲ. ಬಿ ತಾನು ಬರೆದದ್ದನ್ನು ಮಾತ್ರ ಓದುತ್ತಿತ್ತು, ಅದು ಬರೆದದ್ದನ್ನು ಮತ್ಯಾರೂ ಓದುತ್ತಿರಲಿಲ್ಲ. ಏಳನೇ ಇಯತ್ತೆಯ ಹುಡುಗಿಗೆ ಅಷ್ಟು ಅರ್ಥವಾಯಿತು. ಕಮಲತ್ತಿಯ ಮನೆಯಲ್ಲಿ ಅವು ನಿಜಕ್ಕೂ ತೆರೆದಿರಲಿಲ್ಲ. ಅವಳು ಕಳಿಸಿದ ಮಾದರಿಯೂ ಖಾಲಿಯಾಗಿರಲಿಲ್ಲ. ಸುರೇಖಾ ಹೇಳಿದ್ದು ಖರೆ.

ನಾನು ಎಲ್ಲವನ್ನೂ ಇದ್ದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದರೆ ಅದು ಅರ್ಧ ಮಾತ್ರ ನಿಜ. ಕಮಲತ್ತಿ ಸುಳ್ಳಿಯಾಗಿಯೇ ಇರಬೇಕು ಎಂದು ನನಗೆ ಬೇಕಾಗಿತ್ತು. ಅವ್ವ ತಿರುಗಿ ಆಡಿದ ಆ ಒಂದು ಮಾತು ತಪ್ಪಾಯಿತು ಎಂದು ಅವ್ವನಿಗೆ ಹೇಳುವವಳು ನಾನಾಗಬಾರದಿತ್ತು. ಮತ್ತು ಸುರೇಖಾಳ ಮುಂದೆ ನಾನು ಸೋಲಬಾರದಿತ್ತು.

ನನಗೆ ಗೊತ್ತಾದ ಒಂಬತ್ತನೇ ದಿನ ಕಮಲತ್ತಿ ಮತ್ತೆ ಬಂದಳು, ಮಾಮಾನ ಜೊತೆ, ಬಾಡಿಗೆ ಜೀಪಿನಲ್ಲಿ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು.

"ಅಪ್ಪಾ, ನಡಿ. ವಹಿ ತಗೋ. ಮೊದಲಿಂದ ನಾನ ಕುಂತು ಟೈಪ್ ಮಾಡ್ತೀನಿ. ಜೂನದಾಗ ಪುಸ್ತಕ ನಿನ್ನ ಕೈಯಾಗ ಇಡ್ತೀನಿ."

ಅಪ್ಪ ಅಡ್ಡ ನಿಂತ. "ಅಪ್ಪ ಎಲ್ಲೂ ಬರಂಗಿಲ್ಲ."

"ನಿನ್ನ ಕೇಳಾಕತ್ತಿಲ್ಲ ನಾ."

ಅಜ್ಜ ಹಾಸಿಗೆಯ ಮೇಲೆ ಎದ್ದು ಕೂತ. ಆಮೇಲೆ ಅವ್ವನನ್ನು ಕರೆದ. "ಗಂಗವ್ವ, ನೀ ಕೆಲಸಾ ಮಾಡೀದಿ, ನಾ ನೋಡೀನಿ. ಆದ್ರ ಅಕಿ ತೆರಿಲಿಲ್ಲ ಅಂತಾಳ, ನೀ ತೆರಿತೈತಿ ಅಂತಿ. ನಾ ಯಾರನ್ನ ಸುಳ್ಳಿ ಅನ್ಲಿ? ಸ್ವಲ್ಪ ದಿನಾ ಅಲ್ಲಿ ಇರ್ತೀನಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವನ ಧೋತರ, ಅಂಗಿ, ಕಣ್ಣಿನ ಔಷಧ, ಹನ್ನೊಂದು ವಹಿ ಎಲ್ಲವನ್ನೂ ಗಂಟು ಕಟ್ಟಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಆ ಗಂಟು ಬಿಚ್ಚುತ್ತಿತ್ತು. ಅಜ್ಜ ಜೀಪು ಹತ್ತುವಾಗ ನನ್ನ ತಲೆ ಮುಟ್ಟಿ, "ಓದೂದು ಬಿಡಬ್ಯಾಡ," ಎಂದ. ಜೀಪಿನೊಳಗೆ ಸುರೇಖಾ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

ಇನ್ನೂ ಎಂಟು ದಿನ ಸುಮ್ಮನಿದ್ದೆ. ಹದಿನೇಳನೇ ದಿನ ಅವ್ವ ಊಟ ಮುಗಿಸಿ ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು. ಪಕ್ಕದಲ್ಲಿ ಎರಡನೇ ಸಲ ಬರೆದ ಆರು ಫ್ಲಾಪಿ, ಮೊದಲು ಬರೆದ ಆರು, ಎಲ್ಲವೂ ಸಾಲಾಗಿ.

"ಏನ್ ಮಾಡಾಕತ್ತಿ?" ಎಂದೆ.

"ಅಳಸಾಕತ್ತೀನಿ. ವಹಿ ಹೋದ್ವು, ಮಾವಾರು ಹೋದ್ರು. ಇವನ್ನ ಇಟ್ಕೊಂಡು ಏನ್ ಪೂಜಿ ಮಾಡ್ಲಿ?"

ಅವಳ ಬೆರಳು ಫ್ಲಾಪಿ ಅಳಿಸುವ ಆಜ್ಞೆಯನ್ನು ಅರ್ಧ ಒತ್ತಿಯಾಗಿತ್ತು. ನಾನು ಅವಳ ಕೈ ಹಿಡಿದೆ. "ಬ್ಯಾಡವ್ವಾ. ಕಮಲತ್ತಿ ಖರೆ ಹೇಳ್ಯಾಳ. ನಮ್ಮ ಬಿ ಕೆಟ್ಟೈತಿ."

ತೋರಿಸು ಎಂದಳು, ತೋರಿಸಿದೆ. ಮೇಲಿನ ಬಾಯಿಗೆ ಅಜ್ಜನ ಫ್ಲಾಪಿ, ಕೆಳಗಿನ ಬಾಯಿಗೆ ಪ್ರೋಗ್ರಾಮಿನದು. ಎರಡೂ ಸಲ ಅದೇ ಸಾಲು ಮೂಡಿತು. ಅವ್ವ ಯಂತ್ರ ಆರಿಸಿ ನನ್ನ ಕಡೆ ತಿರುಗಿದಳು.

"ನಿನಗ ಯಾವಾಗ ಗೊತ್ತಾತು?"

"ಅಮಾಸಿ ಮರುದಿನ."

ಕಪಾಳಕ್ಕೆ ಹೊಡೆದಳು. ಕಿವಿ ಗುಂಯ್ ಎಂದಿತು. "ಮಾವಾರು ಜೀಪು ಹತ್ತೋ ದಿನಾ ಗೊತ್ತಿತ್ತು?"

"ಗೊತ್ತಿತ್ತು."

ಎರಡನೇ ಏಟು ಬೀಳಲಿಲ್ಲ. ಅವಳು ನನ್ನನ್ನು ಗುರುತು ಸಿಗದವಳ ಹಾಗೆ ನೋಡಿದಳು. ಆ ನೋಟ ಇವತ್ತಿಗೂ ನನ್ನ ಬೆನ್ನಿಗಿದೆ.

ಸಂಜೆ ಅಪ್ಪ ಬಸಣ್ಣನನ್ನು ಕರೆತಂದ. ಬಸಣ್ಣ ಟಿವಿ ರಿಪೇರಿ ಮಾಡುತ್ತ ಕಂಪ್ಯೂಟರ್ ಕಲಿತವನು. ಯಂತ್ರದ ಮುಚ್ಚಳ ಬಿಚ್ಚಿ, ಬಿ ಡ್ರೈವನ್ನು ಹೊರಗೆಳೆದು ಟಾರ್ಚ್ ಹಿಡಿದು ನೋಡಿದ.

"ಒಳಗ ಓದೋ ತಲಿ ಇರ್ತದಲ್ಲ, ಅದು ಜಾಗಾ ಬಿಟ್ಟು ಕೂದಲೆಳಿಯಷ್ಟು ಸರದೈತಿ. ಅದಕ್ಕ ತಾ ಬರದದ್ದು ತನಗ ಓದಾಕ ಬರ್ತೈತಿ, ಮಂದೀದು ಬರಂಗಿಲ್ಲ. ಅರ್ಧಾ ತಾಸಿನಾಗ ಸರಿ ಕುಂಡ್ರಸ್ತೀನಿ."

ಅವ್ವ ಹೂಂ ಎಂದಳು. ಅವನು ಸ್ಕ್ರೂಡ್ರೈವರ್ ಇಡುವಷ್ಟರಲ್ಲಿ ನಾನು ಕೇಳಿದೆ, "ಕಾಕಾ, ಸರಿ ಮಾಡಿದ ಮ್ಯಾಲ ಹಳೇ ಫ್ಲಾಪಿ ಓದ್ತದೇನು?"

ಬಸಣ್ಣನ ಕೈ ನಿಂತಿತು. ನನ್ನನ್ನು, ಆಮೇಲೆ ಡ್ರೈವನ್ನು ನೋಡಿದ. "ಇಲ್ಲ. ಸರಿ ಮಾಡಿದ್ರ ಆ ಹನ್ನೆರಡೂ ಹೋದ್ವು."

ಅಂದರೆ ಆ ಕೆಟ್ಟ ಡ್ರೈವು ಕೆಟ್ಟೇ ಇರಬೇಕು, ಹಾಗೆಯೇ ಅಕ್ಕಲಕೋಟೆಗೆ ಹೋಗಿ ಕಮಲತ್ತಿಯ ಕಂಪ್ಯೂಟರಿಗೆ ಸೇರಬೇಕು. ಎ ಡ್ರೈವು ಓದುತ್ತಿತ್ತಷ್ಟೇ, ಬರೆಯುವುದನ್ನು ಎಂದೋ ನಿಲ್ಲಿಸಿತ್ತು, ಹಾಗಾಗಿ ಅದರಲ್ಲಿ ನಕಲು ತೆಗೆಯುವ ದಾರಿಯೂ ಇರಲಿಲ್ಲ.

ಮರುದಿನ ಅಪ್ಪ ಬರಲು ಒಪ್ಪಲಿಲ್ಲ. ಅವ್ವ, ಬಸಣ್ಣ, ನಾನು ಬಸ್ಸು ಹತ್ತಿದೆವು. ಅವ್ವ ಡ್ರೈವನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ರಸ್ತೆಯ ಪ್ರತಿ ಕುಣಿಗೂ ಅದನ್ನು ಎತ್ತಿ ಹಿಡಿಯುತ್ತಿದ್ದಳು.

ಕಮಲತ್ತಿ ಬಾಗಿಲು ತೆರೆದು ನಮ್ಮನ್ನು ನೋಡಿ ಅಲ್ಲೇ ನಿಂತಳು. ಬರ್ರಿ ಎನ್ನಲಿಲ್ಲ. ಅವ್ವ ಹೊಸ್ತಿಲ ಹೊರಗಿನಿಂದಲೇ ಹೇಳಿದಳು.

"ಅಕ್ಕಾವ್ರ, ನೀವು ಅಂದದ್ದು ಖರೆ. ನಮ್ಮ ಮಷಿನ್ ಕೆಟ್ಟಿತ್ತು. ನಿಮಗ ಅನಬಾರದ್ದು ಅಂದೀನಿ, ತಪ್ಪಾತು."

ನಾನು ಕಮಲತ್ತಿಯ ಮುಖ ನೋಡುತ್ತಿದ್ದೆ. ಅದು ಸಡಿಲವಾಗುತ್ತದೆ ಎಂದುಕೊಂಡಿದ್ದೆ.

"ನಮ್ಮವ್ವ ಹೋದಾಗ ಫೋನ್ ಕೆಟ್ಟಿತ್ತು," ಎಂದಳು ಅವಳು. "ಈಗ ಮಷಿನ್ ಕೆಟ್ಟೈತಿ. ನಿಮ್ಮನ್ಯಾಗ ಮನಷಾರು ಮಾತ್ರ ಯಾವತ್ತೂ ಕೆಡಂಗಿಲ್ಲ. ನಿಮ್ಮೊಳಗ ಯಾರಿಗರೆ ಮೊದಲು ಯಾವಾಗ ಗೊತ್ತಾತು ಇದು?"

ಅವ್ವ ನನ್ನ ಕಡೆ ತಿರುಗಲಿಲ್ಲ. "ನಿನ್ನೆ," ಎಂದಳು.

ಸುಳ್ಳುಗಾತಿ ಎನಿಸಿಕೊಂಡು ಒಂದು ತಿಂಗಳು ಬೆಂದ ಅವ್ವ, ಆ ಇಡೀ ಜಗಳದಲ್ಲಿ ಹೇಳಿದ ಒಂದೇ ಸುಳ್ಳು ಅದು. ನನಗಾಗಿ.

ಮಾಮಾ ಒಳಗಿನಿಂದ ಬಂದು, ಹೆಂಡತಿಯನ್ನು ಕೇಳದೆ, "ಬರ್ರಿ ಒಳಗ," ಎಂದ. ಬಸಣ್ಣ ಅವರ ಕಂಪ್ಯೂಟರಿನ ಮುಚ್ಚಳ ತೆಗೆದು ನಮ್ಮ ಡ್ರೈವಿಗೆ ವಾಯರು ಸಿಗಿಸಿದ. ಡ್ರೈವು ಹೊರಗೇ ಒಂದು ಸ್ಟೂಲಿನ ಮೇಲೆ ಕೂತಿತ್ತು. ಮೊದಲ ಫ್ಲಾಪಿ ಹಾಕಿದ. ಅಕ್ಷರಗಳು ಬಂದವು. ಅಜ್ಜ ಒಳಗಿನ ಕೋಣೆಯಿಂದ ಬಂದು ಕುರ್ಚಿಯಲ್ಲಿ ಕೂತು, ಆರೂ ಫ್ಲಾಪಿಗಳು ಆ ಕಂಪ್ಯೂಟರಿನೊಳಗೆ ಇಳಿಯುವವರೆಗೆ ಅಲ್ಲಾಡಲಿಲ್ಲ. ಕಮಲತ್ತಿ ತಾನು ಹೊಸದಾಗಿ ಟೈಪು ಮಾಡಿದ್ದ ಎರಡು ವಹಿಗಳ ಹಾಳೆಗಳನ್ನು ಎಲ್ಲರೂ ನೋಡುವ ಹಾಗೆ ಹರಿದು ಬುಟ್ಟಿಗೆ ಹಾಕಿದಳು. ಚಹಾ ಬಂತು. ಅವ್ವ ಮುಟ್ಟಲಿಲ್ಲ.

ಹಿತ್ತಲಲ್ಲಿ ಸುರೇಖಾ ಸಿಕ್ಕಳು. "ಖರೇನ ನಿನ್ನೆ ಗೊತ್ತಾತೇನ್ಲೇ?" ಎಂದಳು.

"ನಿನ್ನೆ," ಎಂದೆ.

ಅವಳು ನನ್ನ ಕಣ್ಣನ್ನೇ ನೋಡಿದಳು. ನಾವು ಒಂದೇ ತಾಟಿನಲ್ಲಿ ಉಂಡವರು. ನನ್ನ ಸುಳ್ಳು ಅವಳಿಗೆ ಗೊತ್ತಾಗದೆ ಇರಲು ಸಾಧ್ಯವಿರಲಿಲ್ಲ.

ಪುಸ್ತಕ ಜೂನ್‌ನಲ್ಲಿ ಬಂತು. ಒಂದು ಅಕ್ಷರವೂ ಕಳೆದಿರಲಿಲ್ಲ. ಅಜ್ಜ ನಾಗಣಸೂರಿಗೆ ಹೋಗಿ ಮಕ್ಕಳ ಕೈಗೆ ಕೊಟ್ಟ ದಿನ ನಾವು ಯಾರೂ ಅಲ್ಲಿರಲಿಲ್ಲ, ಕರೆ ಬಂದಿರಲಿಲ್ಲ. ಸ್ವಲ್ಪ ದಿನ ಎಂದು ಹೋದ ಅಜ್ಜ ಸೊಲ್ಲಾಪುರಕ್ಕೆ ಮರಳಲಿಲ್ಲ. ಎರಡು ವರ್ಷದ ಮೇಲೆ ಅಕ್ಕಲಕೋಟೆಯಲ್ಲೇ ತೀರಿಕೊಂಡ. ಅಕ್ಕ ತಮ್ಮ ಆ ದಿನವೂ ಬೇರೆ ಬೇರೆ ಗೋಡೆಗೆ ಒರಗಿ ಕೂತಿದ್ದರು. ಸೂಟಿಗಳಲ್ಲಿ ನಾನು ಎಲ್ಲಿಗೂ ಹೋಗಲಿಲ್ಲ, ನಮ್ಮಲ್ಲಿಗೆ ಯಾರೂ ಬರಲಿಲ್ಲ. ಅಜ್ಜನ ಪುಸ್ತಕದಲ್ಲಿ ಬಳಗದವರಿಗೆ ಇರುವ ಮಾತುಗಳೇ ಎರಡು ಪುಟ ಇವೆ. ಅದರಲ್ಲಿ ಅರ್ಧವನ್ನು ಯಾರಿಗೂ ಅನ್ನುವ ಪ್ರಸಂಗ ನನಗೆ ಮುಂದೆ ಬರಲಿಲ್ಲ.

ಹೋದ ವರ್ಷ ಕಮಲತ್ತಿ ತೀರಿಕೊಂಡಳು. ನಾನು ಒಬ್ಬಳೇ ಹೋದೆ. ಈ ಸಲ ಸುರೇಖಾಳಿಗೆ ಹೇಳಿಯೇಬಿಡಬೇಕು, ನಿನ್ನೆಯಲ್ಲ, ಹದಿನೇಳು ದಿನ ಮುಂಚೆ ಗೊತ್ತಿತ್ತು ಎಂದು ಒಪ್ಪಿಕೊಳ್ಳಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಲೇ ಸುರೇಖಾ ಎಂದೇ ಶುರುಮಾಡಬೇಕು ಎಂದುಕೊಂಡಿದ್ದೆ. ಕೂದಲು ನೆರೆತ ಹೆಂಗಸೊಬ್ಬಳು, ಸುರೇಖಾಳೇ, ಒಳಗಿನಿಂದ ಬಂದು, ಚಾಪೆ ಹಾಸಿ, ನನ್ನ ಮುಂದೆ ನೀರಿನ ತಂಬಿಗೆ ಇಟ್ಟಳು.

"ದೂರಿಂದ ಬಂದೀರಿ," ಎಂದಳು. "ಕೂಡ್ರಿ. ನೀರು ತಗೋರಿ."

ನಾನು ನೀರು ಕುಡಿದೆ. "ನಿಮಗ ತ್ರಾಸ ಆತ್ರಿ," ಎಂದೆ.